ಸಣ್ಣ ಗುಂಪಲ್ಲಿ ಓದಿಸೋದು: ಗೈಡೆಡ್ ರೀಡಿಂಗ್ ಪಾಠ ಹೇಗೆ ಪ್ಲಾನ್ ಮಾಡ್ತಾರೆ?

ಕೆಲವು ಪ್ರೈಮರಿ ಸ್ಕೂಲ್‌ಗಳ ಟೈಮ್‌ಟೇಬಲ್‌ನಲ್ಲಿ ‘ಗೈಡೆಡ್ ರೀಡಿಂಗ್’ ಅಂತ ಒಂದು ಪೀರಿಯಡ್ ಇರತ್ತೆ. ಅಪ್ಪ ಅಮ್ಮಂದಿರಿಗೆ ‘ನಿಮ್ಮ ಮಗು ಈ ಗ್ರೂಪಲ್ಲಿದೆ, ಈ ಲೆವೆಲ್ ಓದ್ತಿದೆ’ ಅಂತ ಒಂದು ಚೀಟಿ ಬರತ್ತೆ, ಹೊಸದಾಗಿ ಸೇರಿದ ಟೀಚರ್‌ಗೆ ‘ಮುಂದಿನ ವಾರದಿಂದ ಗುಂಪು ಮಾಡಿ ಓದಿಸಿ’ ಅಂತ ಹೇಳ್ತಾರೆ, ಆದ್ರೆ ಗುಂಪು ಯಾಕೆ, ಯಾವ ಲೆಕ್ಕದಲ್ಲಿ ಮಾಡೋದು, ಆ ಇಪ್ಪತ್ತು ನಿಮಿಷದಲ್ಲಿ ನಿಜವಾಗ್ಲೂ ಏನು ನಡೀಬೇಕು ಅನ್ನೋದನ್ನ ಯಾರೂ ಕೂತು ಬಿಡಿಸಿ ಹೇಳೋದಿಲ್ಲ. ಇಲ್ಲಿ ಅದನ್ನೇ ಬುಡದಿಂದ ನೋಡೋಣ. ಅಕ್ಷರ ಗೊತ್ತು, ಸಣ್ಣ ವಾಕ್ಯ ಓದ್ತಾರೆ, ಆದ್ರೆ ಇನ್ನೂ ಸರಾಗ ಬಂದಿಲ್ಲ ಅನ್ನೋ ಹಂತದ ಮಕ್ಕಳನ್ನ ಮನಸ್ಸಲ್ಲಿ ಇಟ್ಕೊಂಡು ಬರೀತಿದ್ದೀನಿ.

ಇದು ಏನು, ಏನಲ್ಲ

ಮೂರರಿಂದ ಆರು ಮಕ್ಕಳು, ಓದಿನಲ್ಲಿ ಈ ಹೊತ್ತಿಗೆ ಹೆಚ್ಚುಕಮ್ಮಿ ಒಂದೇ ತರದ ತೊಡಕು ಇರೋರು, ಒಟ್ಟಿಗೆ ಕೂರ್ತಾರೆ. ಎಲ್ಲರ ಕೈಯಲ್ಲೂ ಅದೇ ಪುಸ್ತಕದ ಒಂದೊಂದು ಪ್ರತಿ. ಪುಸ್ತಕ ಸ್ವಲ್ಪ ಕಷ್ಟ, ಆದ್ರೆ ತೀರಾ ಕಷ್ಟ ಅಲ್ಲ. ಪ್ರತಿ ಮಗುವೂ ತಾನೇ ಓದತ್ತೆ, ಟೀಚರ್ ಪಕ್ಕದಲ್ಲಿದ್ದು ಬೇಕಾದಾಗ ಮಾತ್ರ ಕೈ ಕೊಡ್ತಾರೆ. ಸೈಕಲ್ ಕಲಿಸೋರು ಹಿಂದೆ ಸೀಟು ಹಿಡ್ಕೊಂಡು ಓಡ್ತಾರಲ್ಲ, ಪೆಡಲ್ ತುಳಿಯೋದು ಮಗುವೇ, ಇದೂ ಹಾಗೇ.

ಏನಲ್ಲ ಅನ್ನೋದನ್ನೂ ಹೇಳ್ಬೇಕು, ಯಾಕಂದ್ರೆ ಎಡವೋದು ಹೆಚ್ಚಾಗಿ ಇಲ್ಲೇ. ಒಬ್ಬರಾದ ಮೇಲೆ ಒಬ್ಬರು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದೋದು ಗೈಡೆಡ್ ರೀಡಿಂಗ್ ಅಲ್ಲ. ಹಾಗೆ ಮಾಡಿದ್ರೆ ಐದು ಮಕ್ಕಳ ಗುಂಪಲ್ಲಿ ಒಂದು ಮಗು ಓದೋ ಹೊತ್ತಿಗೆ ಉಳಿದ ನಾಲ್ಕು ಸುಮ್ನೆ ಕಾಯ್ತಿರ್ತವೆ, ಇಲ್ಲಾಂದ್ರೆ ತಮ್ಮ ಪಾಳಿಗೆ ಬರೋ ಪ್ಯಾರಾ ಯಾವುದು ಅಂತ ಎಣಿಸ್ಕೊಂಡು ಅದನ್ನ ಮಾತ್ರ ಒಳಗೊಳಗೆ ತಯಾರಿ ಮಾಡ್ಕೊಳ್ತಿರ್ತವೆ. ಎಲ್ಲರೂ ಒಟ್ಟಿಗೆ ರಾಗ ಎಳೆದು ಓದೋದೂ ಅಲ್ಲ, ಅಲ್ಲಿ ಯಾರಿಗೆ ಬರತ್ತೆ ಯಾರಿಗೆ ಬರಲ್ಲ ಅನ್ನೋದೇ ಗೊತ್ತಾಗಲ್ಲ.

ಈ ಪದ್ಧತಿಯ ಬೇರು ಹುಡುಕಿದ್ರೆ ನ್ಯೂಜಿಲೆಂಡಿನ ಮೇರಿ ಕ್ಲೇ ಅವರ ಕೆಲಸಕ್ಕೆ ಹೋಗತ್ತೆ. ಮಕ್ಕಳು ಓದುವಾಗ ಮಾಡೋ ತಪ್ಪನ್ನ ಪದ ಪದವಾಗಿ ಗುರುತು ಹಾಕ್ಕೊಳ್ಳೋ ಕ್ರಮ ರೂಪಿಸಿದ್ದು ಅವರು. ಅಮೆರಿಕದಲ್ಲಿ ಐರೀನ್ ಫೌಂಟಸ್ ಮತ್ತು ಗೇ ಸು ಪಿನೆಲ್ 1996ರಿಂದೀಚೆಗೆ ಇದನ್ನ ತರಗತಿಗೆ ಹೊಂದೋ ಹಾಗೆ ಹರಡಿದ್ರು, ಇಂಗ್ಲಿಷ್ ಪುಸ್ತಕಗಳ ಮೇಲೆ ಕಾಣೋ ಎ ಇಂದ ಝಡ್ ತನಕದ ಲೆವೆಲ್‌ಗಳು ಅವರದ್ದೇ.

ಓದೋದರ ಒಳಗೆ ಎರಡು ಕೆಲಸ ಇದೆ

ಪ್ಲಾನ್ ಮಾಡೋಕೆ ಮುಂಚೆ ಒಂದು ವಿಷಯ ಸ್ಪಷ್ಟ ಇರ್ಬೇಕು. ಓದೋದು ಅಂದ್ರೆ ಅಕ್ಷರ ನೋಡಿ ಪದ ಹೇಳೋದು ಒಂದು, ಹೇಳಿದ್ದು ಅರ್ಥ ಆಗೋದು ಇನ್ನೊಂದು. ಗಫ್ ಮತ್ತು ಟನ್ಮರ್ ಅನ್ನೋ ಸಂಶೋಧಕರು 1986ರಲ್ಲಿ ಇದನ್ನ ಗುಣಾಕಾರದ ತರ ಹೇಳಿದ್ರು, ಕೂಡಿಸೋದಲ್ಲ, ಗುಣಿಸೋದು. ಅಂದ್ರೆ ಎರಡರಲ್ಲಿ ಒಂದು ಸೊನ್ನೆಯಾದ್ರೆ ಉತ್ತರವೂ ಸೊನ್ನೆ. ಪಟಪಟ ಅಂತ ಓದಿ ‘ಏನಾಯ್ತು ಕಥೇಲಿ?’ ಅಂದ್ರೆ ಕಣ್ಣು ಕಣ್ಣು ಬಿಡೋ ಮಗು ಒಂದು ಕಡೆ, ಕಥೆ ಹೇಳಿದ್ರೆ ಎಲ್ಲಾ ಅರ್ಥ ಮಾಡ್ಕೊಂಡು ಪ್ರಶ್ನೆ ಮೇಲೆ ಪ್ರಶ್ನೆ ಕೇಳೋ, ಆದ್ರೆ ಪುಸ್ತಕ ಕೊಟ್ರೆ ಮೊದಲನೇ ಸಾಲಲ್ಲೇ ನಿಲ್ಲೋ ಮಗು ಇನ್ನೊಂದು ಕಡೆ. ಇವರಿಬ್ಬರೂ ಪರೀಕ್ಷೆಯಲ್ಲಿ ಒಂದೇ ಮಾರ್ಕ್ಸ್ ತಗೊಂಡಿರಬಹುದು, ಆದ್ರೆ ಬೇಕಿರೋ ಪಾಠ ಬೇರೆ ಬೇರೆ. ಮಾರ್ಕ್ಸ್ ನೋಡಿ ಗುಂಪು ಮಾಡ್ಬಾರ್ದು ಅನ್ನೋದು ಇದಕ್ಕೇ.

ಕನ್ನಡದಲ್ಲಿ ಮೊದಲನೇ ಕೆಲಸವೇ ಸ್ವಲ್ಪ ದೀರ್ಘ. ಮೂಲಾಕ್ಷರ, ಕಾಗುಣಿತ, ಒತ್ತಕ್ಷರ ಎಲ್ಲಾ ಸೇರಿದ್ರೆ ಮಗು ಕಣ್ಣಲ್ಲಿ ಗುರುತು ಹಿಡೀಬೇಕಾದ ಆಕಾರಗಳು ನೂರಾರು. ಸೊನಾಲಿ ನಾಗ್ ಕನ್ನಡ ಓದೋ ಮಕ್ಕಳ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಅಕ್ಷರ ಕಲಿಕೆ ನಾಲ್ಕನೇ ಕ್ಲಾಸಿನ ತನಕವೂ ನಡೀತಾನೇ ಇರತ್ತೆ ಅಂತ ಕಂಡುಬಂತು. ಹಾಗಾಗಿ ಮೂರನೇ ಕ್ಲಾಸಿನ ಮಗು ಒತ್ತಕ್ಷರದಲ್ಲಿ ತಡವರಿಸಿದ್ರೆ ಗಾಬರಿ ಬೀಳೋದು ಬೇಡ, ಆದ್ರೆ ತಾನಾಗೇ ಸರಿಹೋಗತ್ತೆ ಅಂತ ಬಿಟ್ಟುಬಿಡೋದೂ ಬೇಡ.

ಪ್ಲಾನ್ ಶುರುವಾಗೋದು ಪುಸ್ತಕದಿಂದ ಅಲ್ಲ, ತಪ್ಪಿನಿಂದ

ನಾನು ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಅಂದ್ಕೊಂಡಿರೋದು ಇದು. ಚೆನ್ನಾಗಿರೋ ಪುಸ್ತಕ ಸಿಕ್ತು, ಅದಕ್ಕೊಂದು ಪಾಠ ಮಾಡೋಣ ಅಂತ ಹೊರಟ್ರೆ ಪಾಠ ಚಂದ ಕಾಣತ್ತೆ, ಮಗುವಿಗೆ ಏನು ಬೇಕಿತ್ತೋ ಅದು ಮಾತ್ರ ಸಿಗದೇ ಹೋಗಬಹುದು. ಮೊದಲು ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಒಂದು ಪುಟ ಓದಿಸಿ ಕೇಳಿಸ್ಕೊಳ್ಬೇಕು. ಇದಕ್ಕೆ ರನ್ನಿಂಗ್ ರೆಕಾರ್ಡ್ ಅಂತಾರೆ.

ಮಾಡೋದು ಸುಲಭ. ಮಗು ಓದ್ತಾ ಹೋಗತ್ತೆ, ನೀವು ಒಂದು ಹಾಳೆ ಮೇಲೆ ಸರಿ ಓದಿದ ಪ್ರತಿ ಪದಕ್ಕೂ ಒಂದು ಟಿಕ್ ಹಾಕ್ತಾ ಹೋಗಿ. ಬೇರೆ ಏನಾದ್ರೂ ಓದಿದ್ರೆ ಮಗು ಏನು ಹೇಳ್ತೋ ಅದನ್ನೇ ಬರೆದು ಅದರ ಕೆಳಗೆ ಪುಸ್ತಕದ ಪದ ಬರೀರಿ. ಪದ ಬಿಟ್ರೆ ಒಂದು ಗೆರೆ. ಮಗು ನಿಂತೇಬಿಟ್ಟು ನೀವು ಹೇಳಿಕೊಟ್ರೆ ಅದೂ ತಪ್ಪಿನ ಲೆಕ್ಕವೇ. ಆದ್ರೆ ತಪ್ಪು ಓದಿ ತಾನೇ ತಿದ್ದಿಕೊಂಡ್ರೆ ಅದು ತಪ್ಪಲ್ಲ, ಅದಕ್ಕೆ ಬೇರೆ ಗುರುತು, ಮತ್ತೆ ಅದು ತುಂಬಾ ಒಳ್ಳೇ ಸೂಚನೆ ಕೂಡ. ಓದಿದ್ದನ್ನೇ ಇನ್ನೊಂದ್ಸಲ ಓದಿದ್ರೂ ತಪ್ಪಲ್ಲ. ಇಷ್ಟು ಹೊತ್ತೂ ನೀವು ತಿದ್ದೋಕೆ ಹೋಗ್ಬಾರ್ದು, ಇದು ಹೊಸಬರಿಗೆ ಕಷ್ಟ ಆಗತ್ತೆ, ಬಾಯಿ ತಡೆಯೋಲ್ಲ.

ಆಮೇಲೆ ಲೆಕ್ಕ. ಪುಟದಲ್ಲಿ 80 ಪದ ಇದ್ದು ಮಗು 6 ತಪ್ಪು ಮಾಡಿದ್ರೆ ಸರಿ ಓದಿದ್ದು 74, ಅಂದ್ರೆ ಶೇಕಡಾ 92.5. ಕ್ಲೇ ಅವರ ಕ್ರಮದಲ್ಲಿ 95 ಅಥವಾ ಮೇಲೆ ಬಂದ್ರೆ ಆ ಪುಸ್ತಕ ಮಗುವಿಗೆ ಸುಲಭ, ಒಬ್ಬನೇ ಓದ್ಲಿ. 90ರಿಂದ 94 ಅಂದ್ರೆ ಟೀಚರ್ ಜೊತೆ ಓದೋಕೆ ಸರಿ. 90ಕ್ಕಿಂತ ಕೆಳಗೆ ಹೋದ್ರೆ ಕಷ್ಟ, ಹತ್ತು ಪದಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಾದ್ರೆ ಕಥೆಯ ದಾರವೇ ಕೈತಪ್ಪಿ ಹೋಗತ್ತೆ. ಬೇರೆ ಕಡೆ ನೀವು ಬೇರೆ ಅಂಕಿ ಓದಿರಬಹುದು, 1946ರಲ್ಲಿ ಎಮೆಟ್ ಬೆಟ್ಸ್ ಹಾಕಿದ ಗೆರೆ ಇನ್ನೂ ಬಿಗಿಯಾಗಿತ್ತು, ಸಹಾಯದ ಜೊತೆ ಓದೋಕೇ 95 ಬೇಕು, ಒಬ್ಬನೇ ಓದೋಕೆ 99 ಬೇಕು ಅಂತ. ಈ ಅಂಕಿಗಳೆಲ್ಲಾ ಇಂಗ್ಲಿಷ್ ಓದಿನಿಂದ ಬಂದವು ಅನ್ನೋದು ನೆನಪಿರ್ಲಿ. ಕನ್ನಡದ ಒಂದು ಪದದೊಳಗೆ ಪ್ರತ್ಯಯ, ಸಂಧಿ ಎಲ್ಲಾ ಸೇರಿ ಇಂಗ್ಲಿಷಿನ ಎರಡು ಮೂರು ಪದದ ಭಾರ ಇರತ್ತೆ, ಹಾಗಾಗಿ ಅಂಕಿಯನ್ನ ಅಂದಾಜಿಗೆ ಇಟ್ಕೊಂಡು ತಪ್ಪಿನ ಜಾತಿ ನೋಡೋದು ಹೆಚ್ಚು ಉಪಯೋಗ.

ಯಾಕಂದ್ರೆ ಆ 6 ತಪ್ಪಲ್ಲೇ ಪಾಠ ಅಡಗಿದೆ. ಒಂದು ಮಗು ‘ಕತ್ತೆ’ಯನ್ನ ‘ಕತೆ’ ಅಂತ, ‘ಹಳ್ಳಿ’ಯನ್ನ ‘ಹಳಿ’ ಅಂತ ಓದಿದೆ ಅಂದ್ರೆ ಒತ್ತು ಕಣ್ಣಿಗೆ ಬೀಳ್ತಿಲ್ಲ. ಇನ್ನೊಂದು ಮಗು ‘ಮರದಿಂದ’ ಅನ್ನೋದನ್ನ ‘ಮರದಲ್ಲಿ’ ಅಂತ, ‘ಓಡಿದಳು’ ಅನ್ನೋದನ್ನ ‘ಓಡಿದ’ ಅಂತ ಓದಿದೆ, ಅಂದ್ರೆ ಪದದ ತಲೆ ನೋಡಿ ಬಾಲ ಊಹೆ ಮಾಡ್ತಿದೆ. ಮತ್ತೊಂದು ‘ಸೂರ್ಯ’ ಹತ್ರ ಬಂದು ‘ಸೂಯ’ ಅಂದು ನಿಂತಿದೆ, ಬರೆಯೋದು ಯ ಆದ ಮೇಲೆ, ಉಚ್ಚಾರ ಮಾಡೋದು ಯ ಮುಂಚೆ, ಅರ್ಕಾವೊತ್ತು ಗೊತ್ತಿಲ್ಲದ ಮಗುವಿಗೆ ಅದು ನಿಜವಾಗ್ಲೂ ಒಗಟು. ಮೂರೂ ಮಕ್ಕಳಿಗೆ 92.5 ಬಂದಿರಬಹುದು, ಆದ್ರೆ ಒಂದೇ ಪಾಠ ಕೊಟ್ರೆ ಇಬ್ಬರಿಗೆ ದಂಡ.

ಇನ್ನೊಂದು ಗಮನಿಸ್ಬೇಕು. ‘ಕತೆ ಹುಲ್ಲು ತಿಂದಿತು’ ಅಂತ ಓದಿ ಮಗು ಹಾಗೇ ಮುಂದೆ ಹೋಯ್ತಾ, ಅಥವಾ ಒಂದು ಕ್ಷಣ ನಿಂತು ‘ಅಯ್ಯೋ, ಕತ್ತೆ’ ಅಂತಾ? ನಿಂತ ಮಗು ಅರ್ಥ ಹಿಡ್ಕೊಂಡು ಓದ್ತಿದೆ. ನಿಲ್ಲದ ಮಗುವಿಗೆ ಒತ್ತಕ್ಷರದ ಜೊತೆಗೆ ‘ನಾನು ಓದಿದ್ದು ಸರಿಹೋಯ್ತಾ’ ಅಂತ ತನ್ನನ್ನೇ ಕೇಳ್ಕೊಳ್ಳೋದನ್ನೂ ಕಲಿಸ್ಬೇಕು. ಓದಿ ಮುಗಿಸಿದ ಮೇಲೆ ‘ಏನಾಯ್ತು ಹೇಳು ನೋಡೋಣ’ ಅಂತ ಕೇಳಿ ಎರಡು ಸಾಲು ಬರ್ಕೊಳ್ಳಿ, ಎರಡನೇ ಕೆಲಸದ ಸುಳಿವು ಅಲ್ಲಿ ಸಿಗತ್ತೆ.

ಗುಂಪು, ಮತ್ತೆ ವಾರದ ಲೆಕ್ಕ

ಹಾಳೆಗಳನ್ನೆಲ್ಲಾ ಮೇಜಿನ ಮೇಲೆ ಹರಡಿ ಒಂದೇ ತರದ ತಪ್ಪು ಇರೋವನ್ನ ಒಟ್ಟಿಗೆ ಇಟ್ರೆ ಗುಂಪು ತಾನಾಗೇ ಆಗತ್ತೆ. ಹೆಚ್ಚು ಕಷ್ಟ ಇರೋ ಗುಂಪಲ್ಲಿ ಮೂರು ನಾಲ್ಕು ಮಕ್ಕಳೇ ಇರ್ಲಿ, ಸರಾಗ ಓದೋರ ಗುಂಪಲ್ಲಿ ಆರು ಜನ ಇದ್ರೂ ನಡೆಯತ್ತೆ.

ಮೂವತ್ತು ಮಕ್ಕಳ ಕ್ಲಾಸಲ್ಲಿ ಆರು ಗುಂಪು ಆಯ್ತು ಅನ್ಕೊಳ್ಳಿ. ದಿನಕ್ಕೆ ಎರಡು ಗುಂಪಿಗೆ ಇಪ್ಪತ್ತಿಪ್ಪತ್ತು ನಿಮಿಷ ಸಿಕ್ಕಿದ್ರೆ ಐದು ದಿನಕ್ಕೆ ಹತ್ತು ಪಾಠ. ಇದನ್ನ ಸಮವಾಗಿ ಹಂಚೋದು ನ್ಯಾಯ ಅಂತ ಅನ್ಸತ್ತೆ, ಆದ್ರೆ ತೀರಾ ಹಿಂದೆ ಇರೋ ಎರಡು ಗುಂಪಿಗೆ ಮೂರು ಮೂರು ಪಾಠ, ಉಳಿದ ನಾಲ್ಕಕ್ಕೆ ಒಂದೊಂದು ಅಂತ ಕೊಡೋದು ಮಕ್ಕಳಿಗೆ ಹೆಚ್ಚು ನ್ಯಾಯ. ಸರಾಗ ಓದೋ ಮಗು ವಾರವಿಡೀ ತಾನೇ ಓದ್ಕೊಳ್ಳತ್ತೆ, ಹಿಂದೆ ಇರೋ ಮಗುವಿಗೆ ಟೀಚರ್ ಪಕ್ಕದಲ್ಲಿರೋ ಆ ಹೊತ್ತೇ ಗತಿ.

ಗುಂಪು ಶಾಶ್ವತ ಆಗ್ಬಾರ್ದು. ವರ್ಷಪೂರ್ತಿ ಒಂದೇ ಗುಂಪಲ್ಲಿ ಕೂತ ಮಕ್ಕಳು ತಾವು ಯಾವ ದರ್ಜೆ ಅಂತ ತಾವೇ ತೀರ್ಮಾನ ಮಾಡ್ಕೊಂಡುಬಿಡ್ತಾರೆ, ಗುಂಪಿಗೆ ಎಷ್ಟು ಚಂದದ ಹೂವಿನ ಹೆಸರಿಟ್ರೂ ಅಷ್ಟೇ. ಒಂದು ತೊಡಕು ಹಿಡಿತಕ್ಕೆ ಬಂದ ಮಗುವನ್ನ ಅದೇ ವಾರ ಬೇರೆ ಗುಂಪಿಗೆ ಕಳಿಸೋದು ಒಳ್ಳೇದು.

ಪುಸ್ತಕ ಯಾವುದು?

ಈಗ ಪುಸ್ತಕದ ಸರದಿ. ಒತ್ತಕ್ಷರ ಬಿಡೋ ನಾಲ್ಕು ಮಕ್ಕಳ ಗುಂಪನ್ನೇ ತಗೊಳ್ಳೋಣ. ಅವರಿಗೆ ಬೇಕಿರೋದು ಕತ್ತೆ, ಬೆಟ್ಟ, ಹಳ್ಳಿ, ಬಳ್ಳಿ, ಹುಲ್ಲು, ಕಲ್ಲು ಅನ್ನೋ ತರದ, ಅಂದ್ರೆ ಅಕ್ಷರಕ್ಕೆ ಅದರದ್ದೇ ಒತ್ತು ಇರೋ ಪದಗಳು ಮತ್ತೆ ಮತ್ತೆ ಬರೋ ಕಥೆ. ಸೂರ್ಯ, ಚಂದ್ರ, ಪುಸ್ತಕ ಅನ್ನೋ ತರ ಬೇರೆ ಅಕ್ಷರದ ಒತ್ತು ಸೇರಿರೋ ಪದಗಳು ಈ ಪುಸ್ತಕದಲ್ಲಿ ಎರಡೋ ಮೂರೋ ಇದ್ರೆ ಸಾಕು, ಅವು ಮುಂದಿನ ವಾರಕ್ಕೆ. ಅಂತ ಪುಸ್ತಕ ಸಿಗದಿದ್ರೆ ಟೀಚರೇ ಒಂದು ಹಾಳೆಯಷ್ಟು ಕಥೆ ಬರೆದು ನಾಲ್ಕು ಪ್ರತಿ ಮಾಡ್ಕೊಂಡ್ರೂ ಆಗತ್ತೆ.

ಇಲ್ಲಿ ಒಂದು ದೊಡ್ಡ ಚರ್ಚೆ ಇದೆ, ತಿಳಿದಿರ್ಬೇಕು. ಆರಂಭದ ಓದುಗರಿಗೆ ಕಲಿಸಿದ ಅಕ್ಷರಗಳೇ ಹೆಚ್ಚಾಗಿರೋ ಪುಸ್ತಕ ಕೊಡ್ಬೇಕು ಅಂತ ಒಂದು ಪಕ್ಷ, ಲೆವೆಲ್ ಪ್ರಕಾರ ಸಹಜ ಭಾಷೆಯ ಪುಸ್ತಕ ಕೊಡ್ಬೇಕು ಅಂತ ಇನ್ನೊಂದು. ಈಚೆಗೆ ಮೊದಲನೇದರ ಕಡೆ ತಕ್ಕಡಿ ವಾಲಿದೆ, ಮುಖ್ಯವಾಗಿ ಇನ್ನೂ ಅಕ್ಷರದಲ್ಲೇ ತಡವರಿಸೋ ಮಕ್ಕಳ ವಿಷಯದಲ್ಲಿ. ಅಕ್ಷರ ದಾಟಿದ ಮಕ್ಕಳಿಗೆ ಲೆವೆಲ್‌ಗೆ ಕಟ್ಟಿಹಾಕದೆ ಸ್ವಲ್ಪ ಕಷ್ಟದ ಪುಸ್ತಕ ಕೊಟ್ಟು ಸಹಾಯ ಹೆಚ್ಚು ಮಾಡ್ಬೇಕು ಅಂತ ವಾದಿಸೋ ಸಂಶೋಧಕರೂ ಇದ್ದಾರೆ. ಲೆವೆಲ್ ಅಂಟಿಸೋದು ಪುಸ್ತಕಕ್ಕೆ, ಮಗುವಿಗಲ್ಲ, ಇಷ್ಟರ ಮೇಲೆ ಯಾರದೂ ತಕರಾರಿಲ್ಲ.

ಆ ಇಪ್ಪತ್ತು ನಿಮಿಷ

ಕತ್ತೆಯೊಂದು ಹಗ್ಗ ಬಿಚ್ಕೊಂಡು ಬೆಟ್ಟ ಹತ್ತಿ ಬೇರೆ ಹಳ್ಳಿಗೆ ಹೋಗೋ ಕಥೆ ಆರಿಸಿದ್ವಿ ಅನ್ಕೊಳ್ಳೋಣ.

ಮೊದಲ ಮೂರು ನಿಮಿಷ ಹಿಂದಿನ ಪಾಠದ ಪುಸ್ತಕವನ್ನೇ ಮಕ್ಕಳು ಇನ್ನೊಂದ್ಸಲ ಓದ್ತಾರೆ. ಗೊತ್ತಿರೋದನ್ನ ಮತ್ತೆ ಓದೋದು ಸಮಯ ಹಾಳು ಅಲ್ಲ, ಓದಿನ ವೇಗ ಮತ್ತೆ ಸರಾಗ ಬರೋದು ಹೀಗೇ. ಈ ಹೊತ್ತಲ್ಲಿ ಟೀಚರ್ ಒಂದು ಮಗುವಿನ ರನ್ನಿಂಗ್ ರೆಕಾರ್ಡ್ ತಗೊಂಡುಬಿಡಬಹುದು, ಪ್ರತಿ ಪಾಠಕ್ಕೂ ಒಬ್ಬೊಬ್ಬರದ್ದು.

ಆಮೇಲೆ ಮೂರು ನಿಮಿಷ ಪದದ ಕೆಲಸ. ಬೋರ್ಡ್ ಮೇಲೆ ‘ಕತೆ’ ಬರೆದು ಓದಿಸಿ, ಮಕ್ಕಳ ಕಣ್ಣೆದುರೇ ತೆ ಕೆಳಗೆ ಒತ್ತು ಹಾಕಿ ‘ಈಗ ಓದು’ ಅನ್ನಿ. ಹಳಿ, ಹಳ್ಳಿ. ಬಳಿ, ಬಳ್ಳಿ. ಒಂದು ಸಣ್ಣ ಒತ್ತಿಂದ ಇಡೀ ಪದವೇ ಬದಲಾಗೋದನ್ನ ಮಕ್ಕಳು ತಾವೇ ಕಂಡುಕೊಂಡಾಗ ಅವರ ಮುಖ ನೋಡ್ಬೇಕು. ಆಮೇಲೆ ಅವರೇ ಸ್ಲೇಟಲ್ಲಿ ಬರೀಲಿ.

ಮುಂದಿನ ಮೂರು ನಿಮಿಷ ಪುಸ್ತಕದ ಪರಿಚಯ. ಕಥೆ ಏನು ಅಂತ ಒಂದೆರಡು ಮಾತು, ಮಕ್ಕಳು ಕೇಳಿರದ ಒಂದೋ ಎರಡೋ ಪದದ ಅರ್ಥ, ಮತ್ತೆ ಒಂದು ಪ್ರಶ್ನೆ: ‘ಕತ್ತೆ ಯಾಕೆ ಹೊರಟುಹೋಯ್ತು ಅಂತ ಹುಡುಕ್ತಾ ಓದಿ’. ಪೂರ್ತಿ ಕಥೆ ಹೇಳ್ಬೇಡಿ, ಎಲ್ಲಾ ಕಷ್ಟದ ಪದಗಳನ್ನೂ ಮೊದಲೇ ಓದಿಕೊಡ್ಬೇಡಿ, ಕೊಟ್ರೆ ಮಗುವಿಗೆ ಬಿಡಿಸೋಕೆ ಏನೂ ಉಳಿಯಲ್ಲ.

ಪಾಠದ ಜೀವ ಇರೋದು ಮುಂದಿನ ಏಳು ನಿಮಿಷದಲ್ಲಿ. ನಾಲ್ಕೂ ಮಕ್ಕಳು ಒಟ್ಟಿಗೆ ಶುರುಮಾಡ್ತಾರೆ, ಆದ್ರೆ ಅವರವರ ವೇಗದಲ್ಲಿ, ಮೆಲುದನಿಯಲ್ಲಿ. ಬೇಗ ಮುಗಿಸಿದೋರು ಮೊದಲಿಂದ ಮತ್ತೆ ಓದ್ತಾರೆ. ಟೀಚರ್ ಒಂದು ಮಗುವಿನ ಹತ್ರ ಬಗ್ಗಿದ್ರೆ ಆ ಮಗು ಸ್ವಲ್ಪ ದನಿ ಏರಿಸತ್ತೆ, ಒಂದು ಒಂದೂವರೆ ನಿಮಿಷ ಕೇಳಿ ಬೇಕಾದ್ರೆ ಒಂದು ಸುಳಿವು ಕೊಟ್ಟು ಮುಂದಿನ ಮಗುವಿನ ಹತ್ರ ಹೋಗ್ತಾರೆ.

ಕೊನೇ ನಾಲ್ಕು ನಿಮಿಷ ಮಾತು, ಮತ್ತೆ ಒಂದೇ ಒಂದು ಕಲಿಕೆ. ‘ಯಾಕೆ ಹೋಯ್ತು?’, ‘ಹಾಗಂತ ಯಾವ ಪುಟದಲ್ಲಿದೆ, ಓದಿ ತೋರಿಸು’. ಉತ್ತರ ಪುಸ್ತಕದಿಂದ ತೆಗೆದು ತೋರಿಸೋ ಅಭ್ಯಾಸ ಇಲ್ಲೇ ಬೀಳತ್ತೆ. ಆಮೇಲೆ ಈಗಷ್ಟೇ ಕೇಳಿಸ್ಕೊಂಡಿದ್ದರಲ್ಲಿ ಹೆಚ್ಚು ಮಕ್ಕಳಿಗೆ ಬೇಕಾದ ಒಂದು ವಿಷಯ ಆರಿಸಿ ತೋರಿಸ್ಬೇಕು. ಒಂದೇ. ಐದು ತಪ್ಪು ಕಂಡಿತ್ತು ಅಂತ ಐದನ್ನೂ ಹೇಳಿದ್ರೆ ಒಂದೂ ನಿಲ್ಲಲ್ಲ.

ಮಗು ನಿಂತಾಗ ಏನು ಹೇಳೋದು

ಪ್ಲಾನ್ ಹಾಳೆಯಲ್ಲಿ ಇದನ್ನ ಮೊದಲೇ ಬರ್ಕೊಂಡಿರೋದು ಒಳ್ಳೇದು, ಆ ಕ್ಷಣಕ್ಕೆ ತೋಚೋದು ಹೆಚ್ಚಾಗಿ ಪದ ಹೇಳಿಬಿಡೋದೇ. ಮೊದಲು ಮೂರ್ನಾಲ್ಕು ಸೆಕೆಂಡ್ ಸುಮ್ನೆ ಇರಿ. ಎಷ್ಟೋ ಸಲ ಅಷ್ಟರಲ್ಲಿ ಮಗುವೇ ಬಿಡಿಸ್ಕೊಳ್ಳತ್ತೆ. ಇಲ್ಲಾಂದ್ರೆ ಅಕ್ಷರದ ಕಡೆ ಕಣ್ಣು ತಿರುಗಿಸಿ: ‘ಇದರ ಕೆಳಗೆ ಏನಿದೆ ನೋಡು ಪುಟ್ಟಾ’, ‘ಮೊದಲು ಇಷ್ಟು ಓದು’ ಅಂತ ಉದ್ದದ ಪದದ ಅರ್ಧ ಬೆರಳಲ್ಲಿ ಮುಚ್ಚಿ. ಓದಿದ ಮೇಲೆ ‘ಆ ವಾಕ್ಯ ಇನ್ನೊಂದ್ಸಲ ಓದು, ಸರಿಹೋಯ್ತಾ?’ ಅಂತ ಕೇಳಿ.

‘ಚಿತ್ರ ನೋಡಿ ಊಹಿಸು’ ಅನ್ನೋ ಸುಳಿವು ಗೈಡೆಡ್ ರೀಡಿಂಗ್‌ನಲ್ಲಿ ತುಂಬಾ ವರ್ಷ ಬಳಕೆಯಲ್ಲಿತ್ತು. ಇದಕ್ಕೆ ಈಗ ಬಲವಾದ ವಿರೋಧ ಇದೆ, ಅಮೆರಿಕದ ಹಲವು ರಾಜ್ಯಗಳು ಈ ರೀತಿ ಕಲಿಸೋದನ್ನ ಕಾನೂನಿನಲ್ಲೇ ನಿಲ್ಲಿಸಿವೆ. ಕಾರಣ ಇಷ್ಟೇ, ಊಹೆ ಮಾಡೋ ಮಗು ಅಕ್ಷರದಿಂದ ಕಣ್ಣು ತೆಗೆಯತ್ತೆ, ಚಿತ್ರ ಇಲ್ಲದ ಪುಸ್ತಕ ಕೈಗೆ ಬಂದ ದಿನ ಊಹಿಸೋಕೆ ಏನೂ ಇರಲ್ಲ. ಚಿತ್ರ ಮತ್ತೆ ಅರ್ಥ ಬಳಸ್ಬೇಕಾದ್ದು ಓದಿದ್ದು ಸರಿಯಾ ಅಂತ ಪರೀಕ್ಷೆ ಮಾಡ್ಕೊಳ್ಳೋಕೆ, ಪದ ಕಂಡುಹಿಡಿಯೋಕೆ ಅಲ್ಲ. ಹೊಗಳುವಾಗಲೂ ಬರೀ ‘ಜಾಣ’ ಅನ್ನೋ ಬದಲು ‘ಕತೆ ಅಂದೆ, ಸರಿಹೋಗಲಿಲ್ಲ ಅಂತ ನಿಂತು ನೀನೇ ತಿದ್ಕೊಂಡೆ’ ಅಂದ್ರೆ ತಾನು ಮಾಡಿದ್ದರಲ್ಲಿ ಒಳ್ಳೇದು ಯಾವುದು ಅಂತ ಮಗುವಿಗೆ ಗೊತ್ತಾಗತ್ತೆ.

ಉಳಿದ ಇಪ್ಪತ್ತಾರು ಮಕ್ಕಳು?

ಪಾಠ ಕೆಡೋದು ಹೆಚ್ಚಾಗಿ ಇಲ್ಲಿ. ಅವರಿಗೆ ಹೊಸ ಕೆಲಸ ಕೊಡ್ಬೇಡಿ, ಹೊಸದಾದ್ರೆ ಎರಡು ನಿಮಿಷಕ್ಕೊಬ್ಬರು ಎದ್ದು ಬಂದು ಕೇಳ್ತಾರೆ. ಹಿಂದೆ ಓದಿದ ಪುಸ್ತಕ ಜೋಡಿಯಾಗಿ ಓದೋದು, ಓದಿದ್ದರ ಬಗ್ಗೆ ನಾಲ್ಕು ಸಾಲು ಬರೆಯೋದು, ಕಲಿತ ಪದಗಳ ಕಾರ್ಡ್ ಆಟ, ಇಷ್ಟು ಸಾಕು. ವರ್ಷದ ಮೊದಲ ಕೆಲವು ವಾರ ಗುಂಪಿನ ಪಾಠ ಶುರುಮಾಡದೆ, ಟೀಚರ್ ಇಲ್ಲದೆ ಕೆಲಸ ಮಾಡೋದನ್ನೇ ಮಕ್ಕಳಿಗೆ ಅಭ್ಯಾಸ ಮಾಡಿಸೋ ಟೀಚರ್‌ಗಳಿದ್ದಾರೆ, ಆ ವಾರಗಳು ವರ್ಷಪೂರ್ತಿ ಉಪಯೋಗಕ್ಕೆ ಬರ್ತವೆ.

ಮುಂದಿನ ಪಾಠದ ಪ್ಲಾನ್

ಮಕ್ಕಳು ಎದ್ದುಹೋದ ಮೇಲೆ ಎರಡು ನಿಮಿಷ ಕೂತು ಪ್ರತಿ ಮಗುವಿನ ಹೆಸರಿನ ಮುಂದೆ ಒಂದು ಸಾಲು ಬರೀಬೇಕು. ‘ಒತ್ತು ನೋಡ್ತಾನೆ, ಆದ್ರೆ ನಿಧಾನ.’ ‘ಎರಡು ಸಲ ತಾನೇ ತಿದ್ದಿಕೊಂಡಳು.’ ‘ಓದಿದ, ಯಾಕೆ ಅಂತ ಹೇಳೋಕೆ ಬರಲಿಲ್ಲ.’ ಮುಂದಿನ ಪಾಠದ ಪ್ಲಾನ್ ಬರೆಯುವಾಗ ಈ ಸಾಲುಗಳು ಎದುರಿಗಿರ್ಲಿ: ಮೊದಲನೆಯವನಿಗೆ ಅದೇ ಪುಸ್ತಕ ಇನ್ನೆರಡು ಸಲ, ಎರಡನೆಯವಳು ಸೂರ್ಯ ಚಂದ್ರ ಇರೋ ಗುಂಪಿಗೆ, ಮೂರನೆಯವನ ಜೊತೆ ಓದೋಕೆ ಮುಂಚೆ ಕಥೆ ಬಗ್ಗೆ ಒಂದು ನಿಮಿಷ ಹೆಚ್ಚು ಮಾತು, ಓದ್ತಾ ಇರುವಾಗ ಮಧ್ಯದಲ್ಲೊಮ್ಮೆ ನಿಲ್ಲಿಸಿ ‘ಇಲ್ಲಿವರೆಗೆ ಏನಾಯ್ತು?’ ಅಂತ ಪ್ರಶ್ನೆ. ಇಡೀ ಪ್ಲಾನ್ ಅರ್ಧ ಹಾಳೆಗಿಂತ ಹೆಚ್ಚಾಗೋ ಅವಶ್ಯಕತೆ ಇಲ್ಲ, ಪುಸ್ತಕದ ಹೆಸರು, ಬೋರ್ಡ್ ಮೇಲೆ ಬರೆಯೋ ಐದಾರು ಪದ, ಕೇಳೋ ಎರಡು ಪ್ರಶ್ನೆ, ಮತ್ತೆ ಯಾರ ಓದನ್ನ ಗುರುತು ಹಾಕ್ಕೋಬೇಕು ಅನ್ನೋದು.

ಮನೆಗೆ ಪುಸ್ತಕ ಕಳಿಸೋದಾದ್ರೆ ಗುಂಪಲ್ಲಿ ಓದಿ ಮುಗಿಸಿದ್ದನ್ನೇ ಕಳಿಸಿ, ಹೊಸದನ್ನಲ್ಲ. ಅಪ್ಪ ಅಮ್ಮ ಮಾಡ್ಬೇಕಾದ್ದು ಹತ್ತು ನಿಮಿಷ ಪಕ್ಕದಲ್ಲಿ ಕೂತು ಕೇಳಿಸ್ಕೊಳ್ಳೋದು, ಮಗು ನಿಂತ್ರೆ ಮೂರ್ನಾಲ್ಕು ಸೆಕೆಂಡ್ ಕಾಯೋದು, ಆಮೇಲೂ ಬರದಿದ್ರೆ ಬೈಯದೆ ಆ ಪದ ಹೇಳಿಕೊಟ್ಟು ವಾಕ್ಯವನ್ನ ಮೊದಲಿಂದ ಓದೋಕೆ ಹೇಳೋದು.